ಮೊದಲ ಟ್ಯೂಬಿನ ನೆತ್ತರು

ಬಹಳ ಹಿಂದೆ, ಆಡುಗಳ ಬಾಲಕ್ಕೆ ಉದ್ದ ಬೆಳೆಯಲು ಇನ್ನೂ ಪುರುಸೊತ್ತು ಸಿಕ್ಕಿರದ ಕಾಲದಲ್ಲಿ, ಒಬ್ಬ ಕುರುಬನಿದ್ದ. ಅವನು ಮೇಯಿಸುತ್ತಿದ್ದದ್ದು ತನ್ನ ಕುರಿಗಳನ್ನಲ್ಲ, ಕಣ್ಣು ಕಾಣದ ಒಬ್ಬ ಮುದುಕಿಯ ಕುರಿಗಳನ್ನು. ದಿನಾ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಎಣಿಸಬೇಕು, ಆಮೇಲೆ ಮುದುಕಿಯ ಎದುರಿಗೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅವನು ಕೊಟ್ಟ ಮಾತು ಅಷ್ಟೇ. ಒಂದು ಸಂಜೆ ಮುನ್ನೂರು ಇರಬೇಕಾದ ಕಡೆ ಮುನ್ನೂರ ಒಂದು ಬಂತು. ಕುರಿ ಕಡಿಮೆಯಾದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ದೀವಟಿಗೆ ಹಿಡಿದು ಹೊರಟರಾಯಿತು. ಹೆಚ್ಚಾದರೆ ಎಲ್ಲಿಗೆ ಹೊರಡುವುದು? ಮತ್ತೆ ಎಣಿಸಿದ. ಮುನ್ನೂರ ಒಂದು. ಎಲ್ಲಕ್ಕೂ ಉಣ್ಣೆಯಿತ್ತು, ಎಲ್ಲವೂ ಒಂದೇ ದನಿಯಲ್ಲಿ ಅರಚುತ್ತಿದ್ದವು. ಒಳಗಿನಿಂದ ಮುದುಕಿ ಕೂಗಿ ಕೇಳಿದಳು: "ಎಲ್ಲ ಸರಿಯಾಗಿದೆಯೇನೋ?"

ಇಲ್ಲಿಗೆ ಬಂದ ಕೂಡಲೇ ಶೋಲ್ಪನ್‌ಳ ಅಜ್ಜಿ ಚಹಾದ ಬಟ್ಟಲು ಕೆಳಗಿಟ್ಟು ಮೊಮ್ಮಗಳ ಮುಖ ನೋಡುತ್ತಿದ್ದಳು. ಮುಂದಿನದು ಒಂದೊಂದು ದಿನ ಒಂದೊಂದು ಥರ. ಒಮ್ಮೆ ಆ ಹೆಚ್ಚಿನ ಕುರಿ ಉಣ್ಣೆ ಹೊದ್ದ ತೋಳವಾಗಿರುತ್ತಿತ್ತು. ಇನ್ನೊಮ್ಮೆ ಬೇಲಿಯ ಸಂದಿಯಲ್ಲಿ ನುಸುಳಿ ಬಂದ ಪಕ್ಕದ ಹಟ್ಟಿಯ ಬಡಪಾಯಿ ಮರಿ. ಯಾವುದಾಗುತ್ತದೆ ಎಂಬುದು ಆ ದಿನ ಅಜ್ಜಿಯ ಮೊಣಕಾಲು ಎಷ್ಟು ನೋಯುತ್ತಿತ್ತು ಎಂಬುದರ ಮೇಲೆ ನಿಂತಿತ್ತು. ಅಜ್ಜಿ ಹೋಗಿ ಆರು ವರ್ಷ. ಶೋಲ್ಪನ್‌ಗೆ ಈಗ ಇಪ್ಪತ್ತೆಂಟು, ಬಿಳಿ ಕೋಟು, ಕೊರಳಲ್ಲಿ ಹೆಸರಿನ ಪಟ್ಟಿ. ಆದರೂ ಆ ಗುರುವಾರ ಬೆಳಿಗ್ಗೆ, ಅಲ್ಮಾತಿ ಪಟ್ಟಣದ ಮೇಲುಭಾಗದ ಆಸ್ಪತ್ರೆಯೊಂದರ ಮೂರನೆಯ ಮಹಡಿಯಲ್ಲಿ, ಲ್ಯಾಬಿನ ಪರದೆಯ ಮೇಲೆ ಏಳು ಗೆರೆಗಳು ಚಪ್ಪಟೆಯಾಗಿ ಮಲಗಿ ಎಂಟನೆಯದೊಂದು ಮಾತ್ರ ಮೆಲ್ಲಗೆ ತಲೆ ಎತ್ತಿದಾಗ, ಅವಳ ಮನಸ್ಸು ಮೊದಲು ಹೋದದ್ದು ಆ ಕುರುಬನ ಹತ್ತಿರಕ್ಕೆ. ಮುನ್ನೂರ ಒಂದು, ಅಂದುಕೊಂಡಳು. ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಅಸಹ್ಯಪಟ್ಟಳು.

ಗೆರೆ ಎದ್ದಿದ್ದು ಮೂವತ್ತಮೂರನೆಯ ಸುತ್ತಿನಲ್ಲಿ. ಮೂವತ್ತೈದರ ಒಳಗೆ ಎದ್ದರೆ 'ಇದೆ', ಆಮೇಲೆ ಎದ್ದರೆ 'ಇಲ್ಲ'. ಈ ಲ್ಯಾಬಿನ ಕಟ್ಟಳೆ ಅದು. ನಡುವೆ ಯಾವ ಮಾತೂ ಇಲ್ಲ. ಎಂಟನೆಯ ಗೆರೆ ಬಲ್‌ಜಾನ್ ಅಪಾಳದು, ಹಿರಿಯ ಹೆಂಗಸರನ್ನೆಲ್ಲ ಅಲ್ಲಿ ಅಪಾ ಎನ್ನುತ್ತಾರೆ. ಎಪ್ಪತ್ತೊಂದು ವರ್ಷ, ನಾಲ್ಕು ವರ್ಷದ ಹಿಂದೆ ಒಂದು ಮೊಲೆ ತೆಗೆದಿದ್ದರು, ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು ಹೋಗುತ್ತಿದ್ದಳು. ಗಡ್ಡೆ ಕೈಗೆ ಸಿಗುವಷ್ಟು ಬೆಳೆಯುವುದಕ್ಕೂ ಮೊದಲೇ, ಅದರ ಒಂದೆರಡು ಜೀವಕಣಗಳು ಮೂಲ ಬಿಟ್ಟು ರಕ್ತದಲ್ಲಿ ಅಲೆಯಲು ಹೊರಟಿದ್ದರೆ ಅವನ್ನು ದಾರಿಯಲ್ಲೇ ಹಿಡಿಯುವುದು ಶೋಲ್ಪನ್‌ಳ ಕೆಲಸ. ಕೋಟಿಗಟ್ಟಲೆ ಕಣಗಳ ನಡುವೆ ಒಂದೋ ಎರಡೋ. ರಕ್ತದಲ್ಲೇ ಹುಟ್ಟಿದ ಕಣಗಳಿಗಿಲ್ಲದ ಒಂದು ಅಂಗಿ ಅವಕ್ಕಿರುತ್ತದೆ. ಆ ಅಂಗಿಗೆ ಕೊಕ್ಕೆ ಹಾಕುವ ಕಬ್ಬಿಣದ ಹುಡಿಯನ್ನು ಬಿಟ್ಟು, ಅಯಸ್ಕಾಂತದಿಂದ ಎಳೆದು, ಅವುಗಳ ಹೊಟ್ಟೆ ಸೀಳಿ, ಒಳಗಿನ ಸಂದೇಶವನ್ನು ಯಂತ್ರಕ್ಕೆ ಓದಲು ಕೊಡುವುದು. ಯಂತ್ರ ಒಂದನ್ನು ಎರಡು ಮಾಡುತ್ತದೆ, ಎರಡನ್ನು ನಾಲ್ಕು, ಸುತ್ತಿನ ಮೇಲೆ ಸುತ್ತು, ಪಿಸುಮಾತನ್ನು ಕೂಗಾಗಿಸುವವರೆಗೆ. ತೊಂದರೆ ಒಂದೇ. ಆ ಅಂಗಿ ಚರ್ಮದ ಕಣಗಳಿಗೂ ಇರುತ್ತದೆ. ಸೂಜಿ ತೋಳಿಗಿಳಿಯುವಾಗ ತುದಿಯಲ್ಲಿ ಚರ್ಮದ ಚೂರನ್ನು ಕೊಂಡೊಯ್ಯುತ್ತದೆ, ಆ ಚೂರು ಮೊದಲ ಟ್ಯೂಬಿಗೆ ಬೀಳುತ್ತದೆ. ಅದಕ್ಕೇ ಮೊದಲ ಟ್ಯೂಬನ್ನು ಬಿಸಾಡಬೇಕು. ಯಾವಾಗಲೂ, ಯಾರದೇ ಆಗಲಿ. ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದೆ. ಆ ಅಕ್ಷರಗಳನ್ನು ಬರೆದವಳು ಶೋಲ್ಪನ್‌ಳೇ.

ಮಂಗಳವಾರ ಅವಳು ಬಿಸಾಡಲಿಲ್ಲ. ಬಿಸಾಡಲೆಂದೇ ಟ್ಯೂಬು ಹಿಡಿದು ಹಳದಿ ಡಬ್ಬಿಯ ಕಡೆಗೆ ಕೈ ಚಾಚಿದ್ದಳು. ಪ್ರತಿಸಲ ಕಣ್ಣು ಮುಚ್ಚಿ ಕೂರುತ್ತಿದ್ದ ಬಲ್‌ಜಾನ್ ಅಪಾ ಆ ದಿನ ಮಾತ್ರ ಕಣ್ಣು ಬಿಟ್ಟಿದ್ದಳು. "ಏ ಕುರಿಮರಿ, ಅದೆಲ್ಲಿಗೆ? ಕಸಕ್ಕಾ? ನನ್ನ ನೆತ್ತರು ಕಣೇ ಅದು!" ತಮಾಷೆಯ ದನಿಯೇ. ಆದರೆ ಕಣ್ಣುಗಳಲ್ಲಿ ತಮಾಷೆ ಇರಲಿಲ್ಲ. ಶೋಲ್ಪನ್‌ಗೆ ಆಗ ಅಂಗಳ ಕಂಡಿತು, ಚಳಿಗಾಲದ ಮಾಂಸಕ್ಕೆಂದು ಕುದುರೆ ಕಡಿದ ದಿನದ ಅಂಗಳ, ಆವಿಯಾಡುತ್ತಿದ್ದ ಗುಳಿ, ಸಲಿಕೆಯಲ್ಲಿ ಮಣ್ಣು ಎಳೆಯುತ್ತಿದ್ದ ಅಜ್ಜಿ: 'ತುಳೀಬೇಡ, ಬಳಸಿ ಬಾ. ನಾಯಿ ಓಡಿಸು.' ಮೂಗಿನಿಂದ ರಕ್ತ ಸೋರಿದರೆ ಆ ಒಂದು ಹನಿಗೂ ಅಜ್ಜಿ ಬೆರಳಲ್ಲಿ ಮಣ್ಣು ಕೆದರಿ ಮುಚ್ಚುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವಳು ಐದು ವರ್ಷದಿಂದ ಜನರ ಬೆನ್ನ ಹಿಂದೆ ಮೊದಲ ಟ್ಯೂಬು ಬಿಸಾಡುತ್ತ ಬಂದಿದ್ದಳು, ಯಾರೂ ನೋಡುತ್ತಿಲ್ಲವೆಂಬ ಧೈರ್ಯದಲ್ಲಿ. ನೋಡುವ ಕಣ್ಣೆದುರು ಕೈ ಬರಲಿಲ್ಲ. "ಇಲ್ಲ ಅಪಾ, ಇಲ್ಲಿ ಇಡ್ತಿದ್ದೆ ಅಷ್ಟೆ," ಎಂದು ಮರದ ಚೌಕಟ್ಟಿನಲ್ಲಿ ನಿಲ್ಲಿಸಿದಳು. ಎರಡನೆಯ ಟ್ಯೂಬು ಅರ್ಧ ತುಂಬುವಷ್ಟರಲ್ಲಿ ನರ ಕುಗ್ಗಿಹೋಯಿತು. ಮತ್ತೆ ಚುಚ್ಚಬೇಕು. ಮುದುಕಿಯ ತೋಳು ಹಳೆಯ ಚುಚ್ಚುಗಳಿಂದ ನೀಲಿಗಟ್ಟಿತ್ತು. ಮೇಲೆ ಲ್ಯಾಬಿಗೆ ಬಂದು, ಯಾರೂ ಇಲ್ಲದಾಗ, ಶೋಲ್ಪನ್ ಮೊದಲನೆಯದನ್ನೂ ಎರಡನೆಯದನ್ನೂ ಸೇರಿಸಿದಳು. ಪುಸ್ತಕದಲ್ಲಿ 'ಮೊದಲ ಟ್ಯೂಬು ವಿಸರ್ಜಿಸಿದೆ' ಎಂಬ ಸಾಲಿನೆದುರು ಎಂದಿನ ಗುರುತು ಹಾಕಿದಳು. ಕೈ ತಾನಾಗಿ ಹಾಕಿತು ಅಂದುಕೊಳ್ಳುವುದು ಸುಲಭ. ಕೈಗೆ ಗೊತ್ತಿತ್ತು.

"ಏನಾಯ್ತು ನಿನ್ನ ಎಂಟು ಕುದುರೆ?" ಹಿಂದಿನಿಂದ ಲಾರಿಸಾಳ ದನಿ. ಪಕ್ಕದ ಯಂತ್ರ ನೋಡಿಕೊಳ್ಳುವ ಕೊರಿಯನ್ ಹೆಂಗಸು, ಬೆಳಿಗ್ಗೆ ಬೆಳಿಗ್ಗೆಯೇ ಖಾರದ ಕ್ಯಾರೆಟ್ಟಿನ ಡಬ್ಬಿ ತೆರೆದು ಮೂರನೆಯ ಮಹಡಿಗೆಲ್ಲ ಬೆಳ್ಳುಳ್ಳಿ ಹಂಚುವವಳು. ಬಗ್ಗಿ ಪರದೆ ನೋಡಿದಳು. "ಅಯ್ಯೋ. ಒಂದು ಎದ್ದುಬಿಟ್ಟಿದೆಯಲ್ಲೇ. ಯಾರದು, ಆ ಕೌದಿ ಹೊಲಿಯೋ ಅಪಾಳದ್ದಾ? ಛೇ, ನನಗೂ ಒಂದು ಹೊಲಿದು ಕೊಡ್ತೀನಿ ಅಂದಿದ್ಲು."

"ಇನ್ನೂ ಸಹಿ ಮಾಡಿಲ್ಲ," ಎಂದಳು ಶೋಲ್ಪನ್.

"ಮಾಡ್ದೇ ಏನು ಮಾಡ್ತೀಯ? ಮೂವತ್ಮೂರು ಅಂದ್ರೆ ಮೂವತ್ಮೂರು. ಕಾದಿರೊವ್ನಾ ಮೂರು ಗಂಟೆಗೆ ಕಾಗದ ಕೇಳ್ತಾಳೆ, ಮುಖ್ಯಸ್ಥೆ ಅಲ್ವಾ, ಬಿಡ್ತಾಳಾ. ಅಪಾಳ ಮಗನೂ ಬರ್ತಾನಂತೆ."

ಮೂರು ಗಂಟೆ. ಕಿಟಕಿಯ ಹೊರಗೆ ಬೆಟ್ಟಗಳಿರಲಿಲ್ಲ. ನವೆಂಬರಿನ ಹೊಗೆ ಅವನ್ನು ನುಂಗಿ ಕೂತಿತ್ತು. ಶೋಲ್ಪನ್ ಕೈ ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಗೆರೆ ನಿಜವಾಗಿದ್ದರೆ? ನಿಜವಾಗಿದ್ದರೆ ತಪ್ಪು ಯಾರಿಗೂ ತಗಲುವುದಿಲ್ಲ, ಸುಮ್ಮನೆ ಸಹಿ ಹಾಕಬಹುದು. ತನ್ನ ಮನಸ್ಸು ಒಂದು ಗಳಿಗೆ ಗೆರೆ ನಿಜವಾಗಿರಲಿ ಎಂದು ಬಯಸಿತು ಎಂಬುದು ತಿಳಿದು ಅವಳು ನಲ್ಲಿಯನ್ನು ಮತ್ತೆ ತಿರುಗಿಸಿದಳು. ಗೆರೆ ಬರಿಯ ಚರ್ಮದ ಚೂರಾಗಿದ್ದೂ ಸಹಿ ಹಾಕಿದರೆ, ಸೋಮವಾರದಿಂದ ಸುಮ್ಮಸುಮ್ಮನೆ ಮತ್ತೆ ಕೂದಲುದುರಿಸುವ ಆ ಔಷಧ. ಕಳೆದ ಸಲ ಅದು ಬಲ್‌ಜಾನ್ ಅಪಾಳ ಬೆರಳುಗಳ ಅರಿವನ್ನೇ ಹೊತ್ತೊಯ್ದಿತ್ತು. ಎರಡು ವರ್ಷ ಸೂಜಿ ಹಿಡಿಯಲಾಗಿರಲಿಲ್ಲ. ಮಂಗಳವಾರ ಅಪಾ ಎಡಗೈ ಚಾಚಿ ಕೂತಿದ್ದಾಗ ಬಲಗೈಯ ಹೆಬ್ಬೆರಳಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದ್ದಳು: "ನೋಡು, ಇದು ಬಂತು. ಇದು ಬಂತು. ಕಿರುಬೆರಳು ಇನ್ನೂ ದಾರೀಲಿದೆ." ಒಂದು ಚರ್ಮದ ಚೂರಿಗೆ ಆ ಬೆರಳುಗಳು.

ಆಮೇಲೆ ಆ ಮಾತು. ಅದನ್ನು ಶೋಲ್ಪನ್ ಬೆಳಗಿನಿಂದ ನೆನೆಯದಿರಲು ಪ್ರಯತ್ನಿಸುತ್ತಿದ್ದಳು. ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದಾಗ ಅಪಾ ಅವಳ ಮಣಿಕಟ್ಟು ಹಿಡಿದುಕೊಂಡಿದ್ದಳು. "ಈ ಸಲ ಏನೇ ಬರಲಿ ನನಗೇ ಹೇಳಬೇಕು. ನನ್ನ ಮಗನಿಗಲ್ಲ. ಹೋದ ಸಲ ಎಲ್ಲರೂ ಸೇರಿ ನನಗೆ ಹಾಲಿನ ಗಂಟು ಅಂದ್ರು. ಅರವತ್ತೇಳು ವರ್ಷಕ್ಕೆ ಹಾಲಿನ ಗಂಟು! ಕೂದಲು ಕೈಗೆ ಬಂದ ದಿನ ನನಗೆ ಗೊತ್ತಾಯ್ತು. ನನ್ನ ಸೊಸೆಯ ಬೆಕ್ಕಿಗೂ ಅದಕ್ಕಿಂತ ಮೊದಲೇ ಗೊತ್ತಿತ್ತು. ಎದುರಿಗೆ ಕೂತು ಹೇಳು. ಸುತ್ತಿ ಬಳಸಿ ಬೇಡ, ಕಥೆ ಕಟ್ಟಬೇಡ. ಮಾತು ಕೊಡು." ಶೋಲ್ಪನ್ ಕೊಟ್ಟಿದ್ದಳು. ಹಾಗೆ ಹೇಳುವ ಅಧಿಕಾರ ತನಗಿಲ್ಲ, ಅದು ವೈದ್ಯರದು ಎಂದು ಹೇಳಬೇಕಾಗಿತ್ತು. ವೈದ್ಯರು ಮಗನಿಗೇ ಹೇಳುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಸೂಪಿನ ಮೇಲೆ ಕೊಬ್ಬು ಹೆಪ್ಪುಗಟ್ಟುವವರೆಗೂ ಕೂತಿದ್ದಳು. ಹೆಪ್ಪುಗಟ್ಟಿದ ಬಿಳಿಯ ಕೆಳಗೆ ಅವಳಿಗೆ ಅಜ್ಜಿಯ ಕೊನೆಯ ದಿನಗಳ ಕೋಣೆ ಕಂಡಿತು. ಗೋಡೆಗೆ ತೂಗುಹಾಕಿದ ಕಂಬಳಿ, ಬೇಯಿಸಿದ ಸೇಬಿನ ವಾಸನೆ, ಅದರ ಕೆಳಗಿನಿಂದ ಬರುತ್ತಿದ್ದ ಇನ್ನೊಂದು ವಾಸನೆ. ಹೊಟ್ಟೆಯ ಹುಣ್ಣು ಅಷ್ಟೆ ಎಂದು ಅಪ್ಪ ಎಲ್ಲರಿಗೂ ಹೇಳಿಕೊಟ್ಟಿದ್ದರು. ಶೋಲ್ಪನ್ ಆಗ ಕೊನೆಯ ವರ್ಷದ ವಿದ್ಯಾರ್ಥಿನಿ, ಅಜ್ಜಿಯ ಅಂಗಾಂಶದ ತುಣುಕನ್ನು ಸ್ವತಃ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಳು. ಒಂದು ಮಧ್ಯಾಹ್ನ ಅಜ್ಜಿ ಕಣ್ಣು ತೆರೆಯದೆಯೇ ಕೇಳಿದಳು: "ಶೋಲ್ಪನ್, ಆ ಕುರುಬ ಬಂದನಾ?" "ಯಾವ ಕುರುಬ ಅಜ್ಜಿ?" "ಎಣಿಸಿದನಾ? ನನ್ನ ಹಟ್ಟೀಲಿ ಎಲ್ಲ ಸರಿಯಾಗಿದೆಯಾ?" ಕೇಳುವವಳಿಗೆ ಉತ್ತರ ಗೊತ್ತಿದೆ, ಹೇಳುವವಳಿಗೆ ಧೈರ್ಯ ಬರಲೆಂದು ಕಥೆಯ ಬಾಗಿಲು ತೆರೆದು ಹಿಡಿದಿದ್ದಾಳೆ ಎಂಬುದು ಶೋಲ್ಪನ್‌ಗೆ ಆ ಕ್ಷಣವೇ ತಿಳಿದಿತ್ತು. "ಸರಿಯಾಗಿದೆ ಅಜ್ಜಿ. ಮುನ್ನೂರೇ ಇದೆ." ಅಜ್ಜಿ ತಲೆಯಾಡಿಸಿ ಗೋಡೆಯ ಕಡೆಗೆ ತಿರುಗಿದಳು. ಆಮೇಲೆ ಹನ್ನೊಂದು ದಿನ ಬದುಕಿದ್ದಳು. ಚಹಾ ಬೇಕು ಅಂದಳು, ಬೇಡ ಅಂದಳು, ಕಿಟಕಿ ತೆರೆ ಅಂದಳು. ಕಥೆ ಮಾತ್ರ ಮತ್ತೆ ಬಾಯಿಗೆ ಬರಲಿಲ್ಲ.

"ತಂಗೀ, ಇಲ್ಲಿದ್ದೀಯಾ?" ಸೂಪಿನ ತಟ್ಟೆಯ ಪಕ್ಕಕ್ಕೆ ಸುದ್ದಿಪತ್ರಿಕೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದು ಬಂದು ಕೂತಿತು. ಬಲ್‌ಜಾನ್ ಅಪಾಳ ಮಗ ಮರ್ಗುಲಾನ್, ನಲವತ್ತೈದು ದಾಟಿದ ದಪ್ಪ ಮನುಷ್ಯ, ಟೋಪಿ ಕೈಯಲ್ಲಿ. "ಕಝಿ. ನಮ್ಮ ಮನೆಯದೇ ಕುದುರೆ, ಭಾನುವಾರ ಕಡಿದ್ವಿ. ಕೊಬ್ಬು ನೋಡು, ನಾಲ್ಕು ಬೆರಳು."

"ಬೇಡ ಅಣ್ಣಾ, ಇದೆಲ್ಲ ತಗೋಬಾರದು."

"ಮಾಂಸ ಬೇಡ ಅಂತಾರಾ ಯಾರಾದ್ರೂ? ನೀನೇನು ಪರದೇಶದವಳಾ?" ಕುರ್ಚಿ ಎಳೆದುಕೊಂಡು ಕೂತ. ದನಿ ಇಳಿಸಿದ. "ಮೇಲೆ ಆ ಕೊರಿಯನ್ ಅಕ್ಕ ನನ್ನ ಮುಖ ನೋಡಿ ತಲೆ ತಗ್ಗಿಸಿದ್ಲು. ಕೆಟ್ಟದ್ದಾ?"

ಶೋಲ್ಪನ್ ಸೂಪಿನ ಕೊಬ್ಬನ್ನು ಚಮಚದಿಂದ ಒಡೆದಳು. ಅದು ಒಡೆದು ಮತ್ತೆ ಕೂಡಿಕೊಂಡಿತು.

"ಸರಿ, ಹೇಳಬೇಡ. ಕಾಗದ ನನ್ನ ಕೈಗೆ ಕೊಡಿ. ಅಮ್ಮ ಕೆಳಗೆ ಕೂತಿದ್ದಾಳೆ, ರಕ್ತದೊತ್ತಡ ನೋಡಿಸೋಕೆ ಅಂತ ಕರ್ಕೊಂಡು ಬಂದಿದ್ದೀನಿ. ನೀನು ಒಂದು ಮಾತು ಹೇಳಿಬಿಡು ಅವಳಿಗೆ, ರಕ್ತ ಕಡಿಮೆ ಇದೆ, ಶಕ್ತಿ ಬರೋ ಔಷಧಿ ಹಾಕ್ತಾರೆ ಅಂತ. ಸೋಮವಾರದಿಂದ ಮಲಗಿಸ್ತೀನಿ. ನಿನ್ನ ಮಾತು ನಂಬ್ತಾಳೆ. ಮನೇಲಿ ದಿನಾ ನಿನ್ನದೇ ಹೆಸರು, 'ಆ ಹುಡುಗಿ ಸೂಜಿ ಹಾಕಿದ್ರೆ ಸೊಳ್ಳೆ ಕಚ್ಚಿದ ಹಾಗೆ' ಅಂತ." ಅವನ ಕಣ್ಣಂಚು ಕೆಂಪಾಗಿತ್ತು. "ನಿಜ ಹೇಳಿದ್ರೆ ಅವಳು ಒಂದೇ ವಾರಕ್ಕೆ ಮುಗಿದು ಹೋಗ್ತಾಳೆ, ತಂಗಿ."

ಅಪ್ಪನೂ ಇದನ್ನೇ ಹೇಳಿದ್ದರು, ಇದೇ ಕೆಂಪು ಕಣ್ಣಿನಿಂದ. ಪ್ರೀತಿ ಇರುವವರೆಲ್ಲ ಹೀಗೆ ದನಿ ಇಳಿಸುತ್ತಾರೆ. ಮಾಂಸದ ಗಂಟು ಪತ್ರಿಕೆಯನ್ನು ಒದ್ದೆ ಮಾಡಿ ಮೇಜಿನ ಮೇಲೆ ಒಂದು ಕಲೆ ಮೂಡಿಸಿತ್ತು. ಶೋಲ್ಪನ್ ಎದ್ದಳು. "ಅಣ್ಣಾ, ಇದನ್ನ ಎತ್ತಿಡಿ. ಕಾಗದ ಇನ್ನೂ ಆಗಿಲ್ಲ," ಎಂದು ಓಡುವವಳ ಹಾಗೆ ಮೆಟ್ಟಿಲು ಹತ್ತಿದಳು. ಮೊದಲ ಮಹಡಿಯಲ್ಲಿ, ಹೇಳುವುದಿಲ್ಲ ಅಂದುಕೊಂಡಳು. ಎರಡನೆಯದರಲ್ಲಿ, ಯಂತ್ರದ ದೋಷ ಅನ್ನಬಹುದು, ಮತ್ತೊಮ್ಮೆ ರಕ್ತ ಬೇಕು ಅಂದರಾಯಿತು, ಯಾರು ಕೇಳುತ್ತಾರೆ. ಅದು ಎಷ್ಟು ಚೆನ್ನಾಗಿತ್ತೆಂದರೆ ಒಂದು ಮೆಟ್ಟಿಲಿನ ಮೇಲೆ ನಿಂತೇಬಿಟ್ಟಳು. ಯಂತ್ರದ ದೋಷ. ಹಾಲಿನ ಗಂಟು. ಹೊಟ್ಟೆಯ ಹುಣ್ಣು. ಮುನ್ನೂರೇ ಇದೆ ಅಜ್ಜಿ. ಮೂರನೆಯ ಮಹಡಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿತ್ತು, ಮುಖ್ಯಸ್ಥೆ ರೌಶನ್ ಕಾದಿರೊವ್ನಾ ಬಾಗಿಲಲ್ಲೇ ಸಿಕ್ಕಳು, ಕೊರಳಿನ ಅಂಬರಿನ ಸರ, ಕೈಯಲ್ಲಿ ಸಹಿಯಾಗದ ಹಾಳೆ.

"ಎಂಟನೇದು ಯಾಕೆ ಖಾಲಿ?"

"ರೌಶನ್ ಕಾದಿರೊವ್ನಾ, ಅದರ ಮೊದಲ ಟ್ಯೂಬು ನಾನು ಬಿಸಾಡಲಿಲ್ಲ."

"ಬಿಸಾಡಲಿಲ್ಲ ಅಂದ್ರೆ?"

"ಎರಡನೇದು ಅರ್ಧ ಬಂತು. ಅದಕ್ಕೆ ಮೊದಲನೇದು ಸೇರಿಸಿದೆ."

"ಪುಸ್ತಕದಲ್ಲಿ ಬಿಸಾಡಿದೆ ಅಂತ ಗುರುತಿದೆ."

"ಸುಳ್ಳು ಗುರುತು."

ಲಾರಿಸಾ ಕ್ಯಾರೆಟ್ಟಿನ ಡಬ್ಬಿಯ ಮುಚ್ಚಳವನ್ನು ತೀರಾ ಮೆಲ್ಲಗೆ ಮುಚ್ಚಿದಳು.

"ಯಾಕೆ?" ಎಂದಳು ಕಾದಿರೊವ್ನಾ.

ಹೇಳಲು ಎಷ್ಟೋ ಇತ್ತು: ಅಂಗಳ, ಗುಳಿ, ಸಲಿಕೆ. ಬಾಯಿಂದ ಬಂದದ್ದು, "ಅಪಾ ಬೇಡ ಅಂದ್ರು."

"ಅಪಾ ಬೇಡ ಅಂದ್ರು! ನಾಳೆ ಅಪಾ ಸೂಜೀನೂ ಬೇಡ ಅಂದ್ರೆ? ಚಮಚದಲ್ಲಿ ತಗೋತೀಯಾ ರಕ್ತ?" ಲಾರಿಸಾಳ ಮೂಗಿನಿಂದ ನಗು ಜಾರಿತು; ಜಾರಿದ್ದಕ್ಕೆ ಅವಳೇ ಕೆಮ್ಮಿದಳು. ಶೋಲ್ಪನ್‌ಳ ಕಿವಿಗಳು ಉರಿಯುತ್ತಿದ್ದವು. "ಐದು ವರ್ಷ. ಹೊಸ ಹುಡುಗೀರಿಗೆ ಪಾಠ ಹೇಳೋಳು ನೀನು. ಗೋಡೆ ಮೇಲೆ ಬರೆದೋಳು ನೀನು. ಇನ್ನು ನಿನ್ನ ಹಳೇ ಗುರುತುಗಳನ್ನೆಲ್ಲ ನಾನು ಹೇಗೆ ನಂಬಲಿ, ಹೇಳು?"

"ಉಳಿದದ್ದೆಲ್ಲ ಸರಿ ಇದೆ."

"ನೀನು ಹೇಳ್ತಿದ್ದೀಯ." ಪುಸ್ತಕವನ್ನು ಮೇಜಿನ ಮೇಲೆ ತಿರುಗಿಸಿಟ್ಟು ಪೆನ್ನು ಕೊಟ್ಟಳು. "ಬರಿ. ಏನು ಮಾಡಿದೆ ಅಂತ, ನಿನ್ನ ಕೈಯಲ್ಲೇ. ಚಿಕ್ಕದಾಗಲ್ಲ, ಎಲ್ಲರಿಗೂ ಕಾಣೋ ಹಾಗೆ." ಶೋಲ್ಪನ್ ಬರೆದಳು. ಅಕ್ಷರಗಳು ಮಗುವಿನ ಅಕ್ಷರಗಳ ಹಾಗೆ ದೊಡ್ಡದಾಗಿ ಬಂದವು. "ಈಗ ಕೆಳಗೆ ಹೋಗಿ ಮತ್ತೆ ರಕ್ತ ಕೇಳು. ನಾನು ಬರಲ್ಲ. ಯಾಕೆ ಬೇಕು ಅಂತ ನೀನೇ ಹೇಳು." ಬಾಗಿಲ ತನಕ ಹೋದ ಕಾದಿರೊವ್ನಾ ಹೊರಳದೆಯೇ ಅಂದಳು: "ನಮ್ಮಮ್ಮ ಹಲ್ಲು ಕೀಳಿಸಿಕೊಂಡು ಬಂದಾಗ ಬಾಯಲ್ಲಿದ್ದ ಹತ್ತೀನ ಮನೆಗೆ ತಂದು ಹಿತ್ತಿಲಲ್ಲಿ ಹೂತಿದ್ಲು. ಬಸ್ಸಲ್ಲಿ ಪೂರ್ತಿ ದಾರಿ ಕೈಚೀಲದಲ್ಲಿಟ್ಟುಕೊಂಡು." ಇದನ್ನು ಕ್ಷಮೆ ಎಂದು ತಿಳಿಯಬೇಕೋ ಬೇಡವೋ ಶೋಲ್ಪನ್‌ಗೆ ಗೊತ್ತಾಗಲಿಲ್ಲ.

ಕೆಳಗಿನ ಓಣಿಯಲ್ಲಿ ಬಲ್‌ಜಾನ್ ಅಪಾ ಗೋಡೆಗೊರಗಿ ಕೂತು ತೊಡೆಯ ಮೇಲೆ ಬಣ್ಣದ ತುಂಡುಗಳನ್ನು ಹರಡಿಕೊಂಡಿದ್ದಳು. ಕೆಂಪು ಮೂರುಮೂಲೆಗೆ ಕಪ್ಪು ಮೂರುಮೂಲೆ, ನಡುವೆ ಸೂಜಿ, ಒಂದು ಹೊಲಿಗೆ ಹಾಕಿ ಬೆರಳ ತುದಿಯಿಂದ ತಡವಿ ನೋಡುವುದು, ಇನ್ನೊಂದು ಹಾಕುವುದು. ಶೋಲ್ಪನ್ ಪಕ್ಕದಲ್ಲಿ ಕೂರಲಿಲ್ಲ. ಎದುರಿಗೆ ಮೊಣಕಾಲೂರಿ ಕೂತಳು. ಮಾತು ಎಲ್ಲಿಂದ ಶುರುವಾಗಬೇಕೆಂದು ಗೊತ್ತಾಗದೆ ಕೊನೆಯಿಂದ ಶುರುಮಾಡಿದಳು.

"ಅಪಾ, ನಿಮ್ಮ ರಕ್ತ ಮತ್ತೆ ಬೇಕು. ನಾನು ತಪ್ಪು ಮಾಡಿದೆ."

ಸೂಜಿ ನಿಂತಿತು. "ಚೆಲ್ಲಿಬಿಟ್ಟೆಯಾ?"

"ಚೆಲ್ಲಬೇಕಾಗಿತ್ತು. ಚೆಲ್ಲಲಿಲ್ಲ." ಸೂಜಿಯ ತುದಿಯ ಚರ್ಮದ ಚೂರು, ಅದರ ಅಂಗಿ, ಮೊದಲ ಟ್ಯೂಬು, ಎಲ್ಲವನ್ನೂ ಹೇಳಿದಳು. "ಇವತ್ತು ಯಂತ್ರದಲ್ಲಿ ಏನೋ ಕಾಣಿಸಿದೆ. ಅದು ನಿಮ್ಮ ತೋಳಿನ ಚರ್ಮ ಇರಬಹುದು. ಹಳೇ ಕಾಯಿಲೇನೂ ಇರಬಹುದು. ನನ್ನಿಂದಾಗಿ ಯಾವುದು ಅಂತ ಹೇಳೋಕಾಗ್ತಿಲ್ಲ."

ಅಪಾ ಸೂಜಿಯ ತುದಿಯನ್ನು ತಿರುಗಿಸಿ ನೋಡಿದಳು. "ಅಂದ್ರೆ ನಾನು ಒಂದು ಗುಟುಕು ನೆತ್ತರು ಉಳಿಸೋಕೆ ಹೋಗಿ ಕಾಯಿಲೆ ತಂದ್ಕೊಂಡೆನಾ?"

"ತಂದ್ಕೊಂಡಿರಬಹುದು. ಇಲ್ಲದೇನೂ ಇರಬಹುದು."

"ಹವಾಮಾನ ಹೇಳೋರ ಥರ ಮಾತಾಡ್ತೀಯಲ್ಲೇ! ಮಳೆ ಬರಬಹುದು, ಬರದೇ ಇರಬಹುದು, ಕೊಡೆ ಇಟ್ಕೊಳ್ಳಿ." ಎದುರಿನ ಬೆಂಚಿನ ಹೆಂಗಸೊಬ್ಬಳು ತಿರುಗಿ ನೋಡಿದಳು. ಅಪಾಳ ದನಿ ತಗ್ಗಿತು. "ನೀನು ನನಗೆ ಹೇಳದೇ ಮೇಲೇನೇ ಮುಚ್ಚಿ ಹಾಕಬಹುದಿತ್ತು."

"ಹೌದು."

"ಹಾಕಬೇಕು ಅನ್ನಿಸ್ತಾ?"

"ಎರಡನೇ ಮಹಡೀಲಿ ಅನ್ನಿಸ್ತು."

ಮುದುಕಿಯ ಬಾಯಿಯ ಒಂದು ಮೂಲೆ ಅಲುಗಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, ಎಡ ತೋಳನ್ನಲ್ಲ, ಬಲ ತೋಳನ್ನು ಮೇಲಕ್ಕೆ ಸರಿಸಿದಳು, ಹೊಲಿಯುವ ತೋಳನ್ನು. "ಇದರಲ್ಲಿ ನರ ಚೆನ್ನಾಗಿದೆ. ಯಾರಿಗೂ ಕೊಟ್ಟಿಲ್ಲ ಇದನ್ನ. ಬಾ."

ಚಿಕ್ಕ ಕೋಣೆಯಲ್ಲಿ ಸೂಜಿ ಇಳಿಯಿತು, ಮೊದಲ ಟ್ಯೂಬು ತುಂಬಿತು. ಶೋಲ್ಪನ್ ಅದನ್ನು ಬಿಡಿಸಿ ಎರಡನೆಯದನ್ನು ಕೂರಿಸುವಾಗ ಅಪಾ ಎಡಗೈ ಚಾಚಿದಳು. "ಕೊಡು ಇಲ್ಲಿ. ನಾನೇ ಹಾಕ್ತೀನಿ." ಅಂಗೈಯಲ್ಲಿ ಮುಚ್ಚಿ ಹಿಡಿದಳು. "ಬೆಚ್ಚಗಿದೆ," ಎಂದಳು, ಯಾರದೋ ಮಗುವನ್ನು ಎತ್ತಿಕೊಂಡವಳ ಹಾಗೆ. ತುಟಿ ಅಲುಗಿತು, ಬಿಸ್ಮಿಲ್ಲಾ ಅಂದಿರಬೇಕು. ಹಳದಿ ಡಬ್ಬಿಯೊಳಗೆ ಟ್ಯೂಬು ಬಿದ್ದ ಸದ್ದು ಚಿಕ್ಕದು. ಎರಡನೆಯದು ಪೂರ್ತಿ ತುಂಬಿತು, ಮೂರನೆಯದೂ. "ನಾಳೆ ಮಧ್ಯಾಹ್ನ," ಎಂದಳು ಶೋಲ್ಪನ್. "ನಾಳೆ ಮಧ್ಯಾಹ್ನ," ಎಂದಳು ಅಪಾ, "ಮಾತು ನೆನಪಿರಲಿ." ಆಮೇಲೆ ಅವಳ ಕೆನ್ನೆ ತಟ್ಟಿ, "ನಿನ್ನ ಸುತ್ತ ಸುತ್ತಿ ಬರ್ತೀನಿ, ಹೋಗು," ಎಂದಳು. ಸುತ್ತಿ ಬಂದವರು ನಮ್ಮ ಕೇಡನ್ನು ತಮ್ಮ ಮೇಲೆ ಹೊತ್ತುಕೊಳ್ಳುತ್ತಾರೆ. ಬೇಡ ಅಪಾ, ನೀವು ನನ್ನ ಸುತ್ತ ಬರಬೇಡಿ ಎನ್ನಬೇಕೆನಿಸಿತು. ಮೂರು ಬೆರಳುಗಳ ಬೆಚ್ಚನೆಯನ್ನು ಕೆನ್ನೆಯ ಮೇಲೆ ಹೊತ್ತು ಮೇಲೆ ಬಂದಳು. ಕಿರುಬೆರಳು ಇನ್ನೂ ದಾರಿಯಲ್ಲಿತ್ತು.

ಶುಕ್ರವಾರ ಹೊಗೆ ಸರಿದು ಬೆಟ್ಟಗಳು ಕಿಟಕಿಯವರೆಗೂ ಬಂದು ನಿಂತಿದ್ದವು, ಇಷ್ಟು ದಿನ ಎಲ್ಲಿಗೂ ಹೋಗಿಯೇ ಇರಲಿಲ್ಲ ಎಂಬಂತೆ. ಕಾದಿರೊವ್ನಾ ಕುರ್ಚಿ ಎಳೆದು ಯಂತ್ರದ ಮುಂದೆ ಕೂತಿದ್ದಳು, ಶೋಲ್ಪನ್ ನಿಂತಿದ್ದಳು. ಲಾರಿಸಾ ಡಬ್ಬಿ ತೆರೆದಿರಲಿಲ್ಲ. ಇಪ್ಪತ್ತನೆಯ ಸುತ್ತು, ಚಪ್ಪಟೆ. ಇಪ್ಪತ್ತೆಂಟು, ಚಪ್ಪಟೆ. ಶೋಲ್ಪನ್ ಈ ಸಲ ಏನನ್ನೂ ಬಯಸದಿರಲು ಯತ್ನಿಸಿದಳು. ಆಗಲಿಲ್ಲ, ಬಯಕೆ ಹುಚ್ಚು ಹಿಡಿದ ಹಾಗೆ ಒಂದೇ ಕಡೆಗೆ ಓಡಿತು. ಚರ್ಮವಾಗಿರಲಿ, ನನ್ನ ತಪ್ಪೇ ಆಗಿರಲಿ, ಪುಸ್ತಕದ ತುಂಬ ದೊಡ್ಡಕ್ಷರದಲ್ಲಿ ಬರೆಯುತ್ತೇನೆ, ಪಕ್ಕದ ಹಟ್ಟಿಯ ಬಡಪಾಯಿ ಮರಿಯೇ ಆಗಿರಲಿ. ಮೂವತ್ತು. ಮೂವತ್ತೊಂದು. ಗೆರೆ ತಲೆ ಎತ್ತಿತು. ಮಂಗಳವಾರದ್ದಕ್ಕಿಂತ ಎರಡು ಸುತ್ತು ಮುಂಚೆಯೇ, ಯಾವ ಸಂಕೋಚವೂ ಇಲ್ಲದೆ.

ಕಾದಿರೊವ್ನಾ ಹಾಳೆಗೆ ಸಹಿ ಹಾಕಿದಳು. ಅದನ್ನು ವೈದ್ಯರ ಕಪಾಟಿಗೆ ಹಾಕುವ ಬದಲು ಮೇಜಿನಂಚಿಗೆ ಸರಿಸಿ, "ನಾನು ಚಹಾ ಕುಡಿಯೋಕೆ ಹೋಗ್ತೀನಿ. ಇಪ್ಪತ್ತು ನಿಮಿಷ. ಅದು ಎಲ್ಲಿ ಹೋಯ್ತು ಅಂತ ನಾನು ನೋಡಲ್ಲ," ಎಂದು ಎದ್ದುಹೋದಳು.

ಕೆಳಗೆ ಚಿಕ್ಕ ಕೋಣೆಯ ಬಾಗಿಲ ಹೊರಗೆ ಮರ್ಗುಲಾನ್ ಟೋಪಿ ಹಿಂಡುತ್ತ ನಿಂತಿದ್ದ. ಒಳಗೆ ಬಿಟ್ಟುಕೊಳ್ಳಲು ಅಮ್ಮ ಒಪ್ಪಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. "ತಂಗೀ," ಎಂದ, "ಒಂದೇ ಮಾತು..." ಶೋಲ್ಪನ್ ಅವನ ತೋಳು ಮುಟ್ಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪಾ ಕಿಟಕಿಯ ಬೆಳಕಿಗೆ ಕೂತಿದ್ದಳು, ತೊಡೆಯ ಮೇಲೆ ಅದೇ ತುಂಡುಗಳು, ಕೆಂಪಿಗೆ ಕಪ್ಪು. ತಲೆ ಎತ್ತಲಿಲ್ಲ. "ಬಂದೆಯಾ," ಎಂದಳು. ಶೋಲ್ಪನ್ ಎದುರಿಗೆ ಕೂತಳು. ಮುನ್ನೂರ ಒಂದು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಎಷ್ಟು ಮೆತ್ತಗಿತ್ತು, ಎಷ್ಟು ಉಣ್ಣೆ ಇತ್ತು ಅದಕ್ಕೆ. ನುಂಗಿದಳು.

"ಇದೆ ಅಪಾ. ಚರ್ಮ ಅಲ್ಲ. ಕಾಯಿಲೆಯ ಕಣಗಳು ನಿಮ್ಮ ನೆತ್ತರಿನಲ್ಲಿ ಓಡಾಡ್ತಿವೆ. ಕಾಯಿಲೆ ವಾಪಸ್ ಬಂದಿದೆ."

ಕೋಣೆಯ ಹೊರಗೆ ಯಾರದೋ ಚಕ್ರದ ಕುರ್ಚಿ ಕಿರುಗುಟ್ಟುತ್ತ ಹೋಯಿತು. ಬಲ್‌ಜಾನ್ ಅಪಾ ಶುರುಮಾಡಿದ್ದ ಹೊಲಿಗೆಯನ್ನು ಮುಗಿಸಿದಳು. ಬೆರಳ ತುದಿಯಿಂದ ತಡವಿ ನೋಡಿದಳು. ಇನ್ನೊಂದು ಹಾಕಲು ಸೂಜಿ ಎತ್ತಿದವಳು ಹಾಕದೆ ದಾರವನ್ನು ಹಲ್ಲಿನಿಂದ ಕಡಿದಳು.

"ಬೆರಳು ಮತ್ತೆ ಹೋಗುತ್ತಾ?"

"ಹೋಗಬಹುದು." ಹವಾಮಾನದ ನೆನಪಾಗಿ ತಿದ್ದಿಕೊಂಡಳು. "ಅದೇ ಔಷಧಿ ಕೊಟ್ರೆ ಹೋಗುತ್ತೆ ಅಪಾ. ಬೇರೆ ಇದೆಯಾ ಅಂತ ವೈದ್ಯರನ್ನ ನೀವೇ ಕೇಳಿ. ಈಗ ನಿಮಗೆ ಗೊತ್ತಿದೆ, ಕೇಳಬಹುದು."

"ಕೇಳ್ತೀನಿ." ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಮಡಿಸಿ, ಚೀಲದಲ್ಲಿಟ್ಟಳು. ಚೀಲದ ಗುಂಡಿ ಎರಡು ಸಲ ತಪ್ಪಿತು. ಆಮೇಲೆ ತಲೆಯ ಬಟ್ಟೆ ಸರಿಪಡಿಸಿಕೊಂಡು, ಯಾರ ಮನೆಗೋ ಹೊರಟು ನಿಂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. "ನೀನು ಹೇಳಿದೆ. ಮುಗೀತು ನಿನ್ನ ಕೆಲಸ, ಒಂಟೆಮರಿ. ಅಳೋದಾದ್ರೆ ಮೇಲೆ ಹೋಗಿ ಅಳು. ಈಗ ನನ್ನ ಮಗನ್ನ ಒಳಗೆ ಕಳಿಸು."

ಶೋಲ್ಪನ್ ಬಾಗಿಲ ಹಿಡಿಗೆ ಕೈ ಇಟ್ಟಾಗ ಹಿಂದಿನಿಂದ ಅಪಾ ಮತ್ತೆ ಕರೆದಳು.

"ಅವನಿಗೆ ನೀನು ಏನೂ ಹೇಳೋಕೆ ಹೋಗಬೇಡ. ನಾನೇ ಹೇಳ್ತೀನಿ, ನಿಧಾನಕ್ಕೆ, ಸುತ್ತಿ ಬಳಸಿ, ಯಾವುದಾದ್ರೂ ಕಥೆ ಕಟ್ಟಿ. ಅವನು ತಡ್ಕೊಳ್ಳೋ ಹುಡುಗ ಅಲ್ಲ."